ಫ್ಯಾನ್ ಕಾರ್ಖಾನೆಯ ಕೊನೆಗಾಲ

ಮುಳುಗುತ್ತಿರುವ ಕಂಪನಿಯಲ್ಲಿ ನಗುವಿಗೆ ಬರವಿಲ್ಲ. ಮೇಲಿನವರು ದಿನಕ್ಕೊಂದು ಕಾರಣ ಒದಗಿಸುತ್ತಲೇ ಇರುತ್ತಾರೆ. ಚಾಮರಾಜಪೇಟೆಯ ನಮ್ಮ ಫ್ಯಾನ್ ಕಾರ್ಖಾನೆಯಲ್ಲಿ ನಾನು ಯೂನಿಯನ್ ಕಾರ್ಯದರ್ಶಿಯಾಗಿದ್ದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಕಾನೂನು ಕಲಿತದ್ದು ನನಗೆ ಬಂದ ನೋಟೀಸುಗಳನ್ನು ಓದಿಯೇ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಾರ್ಖಾನೆ ಮುಚ್ಚುವ ಮಾತು ಶುರುವಾಯಿತು. ಉಳಿದಿದ್ದ ನಲವತ್ತು ಜನ ಬೀದಿಗೆ ಬೀಳುವವರಿದ್ದೆವು.

ತರಬೇತಿ

ನಮ್ಮ ಹಳೇ ಬುದ್ಧಿ ತಿದ್ದಲು ಒಬ್ಬ ತರಬೇತುದಾರನನ್ನು ಕರೆಸಿದರು. ಬಸವನಗುಡಿಯ ಒಂದು ಛತ್ರದಲ್ಲಿ ಕ್ಲಾಸು. ಏಪ್ರಿಲ್ ಸೆಖೆ. ಅವನು "ಬದಲಾವಣೆ" ಅನ್ನುತ್ತಿದ್ದಂತೆ ತಲೆಯ ಮೇಲಿನ ಫ್ಯಾನು ನಿಂತುಹೋಯಿತು. ನಮ್ಮದೇ ಕಂಪನಿಯದು. ಹಿರಿಯ ಫಿಟ್ಟರೊಬ್ಬರು ಸ್ವಿಚ್ ಆರಿಸಿ, ಚಪ್ಪಲಿ ಬಿಟ್ಟು ಮೇಜು ಹತ್ತಿದರು. ಐದು ನಿಮಿಷದಲ್ಲಿ ಗಾಳಿ ಬಂತು.

"ಭೇಷ್ ಯಜಮಾನ್ರೆ, ಕಂಪನೀಲಿ ನಿಮ್ಮದೇನು ಹುದ್ದೆ?" ಎಂದ ತರಬೇತುದಾರ.

"ಹೋದ ತಿಂಗಳವರೆಗೂ ಫಿಟ್ಟರು ಸಾರ್. ಈಗ ಬೋರ್ಡಲ್ಲಿ ಬೇಡವಾದವರ ಲಿಸ್ಟ್ ಹಾಕಿದಾರೆ. ಹೆಚ್ಚುವರಿ."

ಮುಷ್ಕರ

ಒಂದು ದಿನ ಕೈಕಟ್ಟಿ ಕೂರುವ ಮುಷ್ಕರ ಹೂಡಿದೆವು. ಎರಡು ತಿಂಗಳಿಂದ ಆರ್ಡರ್ ಇರಲಿಲ್ಲ, ದಿನವೂ ಹಾಗೇ ಕೂರುತ್ತಿದ್ದೆವು ಎನ್ನುವುದು ಸಿಟ್ಟಿನಲ್ಲಿ ಹೊಳೆಯಲಿಲ್ಲ. ಮಧ್ಯಾಹ್ನ ಮ್ಯಾನೇಜರು ನಮ್ಮ ಮುಂದೆಯೇ ಹಾದು, "ಊಟ ಆಯ್ತೇನ್ರಪ್ಪಾ?" ಎಂದು ಕೇಳಿ ಹೋದರು. ಸಂಜೆ ತಡೆಯಲಾಗದೆ ಅವರ ರೂಮಿಗೆ ನುಗ್ಗಿದೆ.

"ಸಾರ್, ಇವತ್ತು ನಾವು ಸ್ಟ್ರೈಕ್ ಮಾಡಿದ್ವಿ."

"ಹೌದಾ? ಮೊದ್ಲೇ ಒಂದು ಮಾತು ಹೇಳೋದಲ್ವೇನ್ರೀ, ಗಮನಿಸ್ತಿದ್ದೆ."

ಮೆಮೊ

ಆ ವಾರವೇ ಟೈಪಿಸ್ಟ್ ಮೇಡಂ ಗುಟ್ಟಾಗಿ ಒಂದು ಕಾಗದ ತೋರಿಸಿದರು. ಮ್ಯಾನೇಜರು ಹೆಡ್ಡಾಫೀಸಿಗೆ ಬರೆದದ್ದು: ಯಂತ್ರಗಳು ಸವೆದಿವೆ, ಕಾರ್ಮಿಕರಿಗೆ ದುಡಿಯುವ ಅಭ್ಯಾಸ ತಪ್ಪಿದೆ, ಮುಚ್ಚುವುದೇ ಲೇಸು. ದುಡಿಯುವವನನ್ನು ಸೋಮಾರಿ ಎಂದು ಬರೆಯುವ ಪೆನ್ನು ಯಾವಾಗಲೂ ದುಡಿಯದವನ ಜೇಬಿನಲ್ಲೇ ಇರುತ್ತದೆ.

ಮೋಟಾರಿಗೆ ತಂತಿ ಸುತ್ತುವ ಹೆಂಗಸೊಬ್ಬಳು ಎಂದಳು, "ಅಣ್ಣಾ, ಸುಮ್ನೆ ಕೂತ್ರೆ ಇವರಿಗೆ ಗೊತ್ತಾಗಲ್ಲ. ನಾಳೆ ಕೆಲಸ ಮಾಡ್ಬಿಡೋಣ."

ಮಾಡಿಬಿಟ್ಟೆವು. ಸ್ಟೋರಿನಲ್ಲಿ ಬಿದ್ದಿದ್ದ ಬಿಡಿಭಾಗಗಳನ್ನೆಲ್ಲ ಗುಡ್ಡೆ ಹಾಕಿ, ಮಧ್ಯಾಹ್ನದೊಳಗೆ ಮೂವತ್ತೆರಡು ಟೇಬಲ್ ಫ್ಯಾನ್ ಜೋಡಿಸಿದೆವು. ಸಾಲಾಗಿ ಇಟ್ಟು ಎಲ್ಲಕ್ಕೂ ಒಟ್ಟಿಗೆ ಸ್ವಿಚ್ ಹಾಕಿದೆವು. ಸದ್ದು ಕೇಳಿ ಮ್ಯಾನೇಜರು ಓಡಿಬಂದರು. ಕೈಯಲ್ಲಿದ್ದ ಫೈಲಿನ ಹಾಳೆಗಳೆಲ್ಲ ಗೇಟಿನವರೆಗೆ ಹಾರಿದವು.

"ಯಾರನ್ನ ಕೇಳಿ ಕೆಲಸ ಮಾಡ್ತಿದೀರಾ? ಮೊದ್ಲು ನಿಲ್ಸಿ."

ಮರುದಿನ ನನಗೆ ಮೆಮೊ ಬಂತು. ಕೆಲಸದ ವೇಳೆಯಲ್ಲಿ ಅನುಮತಿಯಿಲ್ಲದೆ ಕೆಲಸ ಮಾಡಿದ್ದಕ್ಕೆ ನಿಮ್ಮ ಮೇಲೇಕೆ ಕ್ರಮ ಕೈಗೊಳ್ಳಬಾರದು?

ಅಂದೇ ಉತ್ತರ ಬರೆದೆ. ಅದರ ಪ್ರತಿಯನ್ನೂ ಒಂದು ಹೊಸ ಫ್ಯಾನನ್ನೂ ಹೆಡ್ಡಾಫೀಸಿಗೆ ಕಳಿಸಿದೆವು. ಉತ್ತರದಲ್ಲಿದ್ದದ್ದು ಇಷ್ಟೇ: "ತಪ್ಪಾಯಿತು ಸ್ವಾಮಿ. ಇಪ್ಪತ್ತಾರು ವರ್ಷದ ಚಟ. ನೀವು ಇಷ್ಟೆಲ್ಲಾ ಪ್ರಯತ್ನಪಟ್ಟರೂ ಬಿಡಲಾಗುತ್ತಿಲ್ಲ."