ಏಳು ತಿಂಗಳಿಗೇ ಇಳಿಸಿದ ಕಾಯಿಯ ಕುರಿತು ಎಂ.ಸಿ. ಅಂಜನ್ ಅವರಿಗೆ

ಇಪ್ಪತ್ತು ವರ್ಷಗಳಿಂದ ನಮ್ಮ ಮಕ್ಕಳ ಕಿವಿಗಳನ್ನು ಬಿಡುವಿಲ್ಲದೆ ಆಳುತ್ತಿರುವ, ಗುಬ್ಬಿ ತಾಲ್ಲೂಕಿನ ಹೆಮ್ಮೆಯ ಪುತ್ರರೂ ರ‍್ಯಾಪ್ ಕ್ಷೇತ್ರದ ಹಿರಿಯರೂ ಆದ ಎಂ.ಸಿ. ಅಂಜನ್ ಅವರ ಸನ್ನಿಧಾನಕ್ಕೆ, ತುಮಕೂರು ಶೆಟ್ಟಿಹಳ್ಳಿಯಿಂದ ರೇಷ್ಮೆ ಇಲಾಖೆಯ ನಿವೃತ್ತ ನೌಕರ ವೀರಭದ್ರಯ್ಯ ಮಾಡುವ ಶರಣು ಶರಣಾರ್ಥಿಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ. ನಾವು ಕ್ಷೇಮವಾಗಿಲ್ಲ, ಮತ್ತು ಅದಕ್ಕೆ ತಾವೇ ಕಾರಣವೆಂದು ವಿನಯಪೂರ್ವಕವಾಗಿ ತಿಳಿಸಲು ಈ ಪತ್ರ. ತಮ್ಮ ಹೆಸರಿನ ಮುಂದಿರುವ ಎಂ.ಸಿ. ಯಾವ ಪದವಿಯೆಂದು ಮಗಳನ್ನು ವಿಚಾರಿಸಿದೆ. ಅದು ಓದಿ ಪಡೆದದ್ದಲ್ಲವೆಂದು ತಿಳಿದು ತಮ್ಮ ಮೇಲಿನ ಗೌರವ ಇಮ್ಮಡಿಯಾಯಿತು. ಮೊದಲೆಲ್ಲ ತಾವು ಹಾಡಿನಲ್ಲಿ ಒಂದೇ ಸಮನೆ ಬೈಯುತ್ತಿದ್ದಿರಿ. ಬೈಗುಳದಲ್ಲಿ ಒಂದು ಅನುಕೂಲವಿತ್ತು, ಕೇಳಿದವರಿಗೆಲ್ಲ ಒಂದೇ ಅರ್ಥವಾಗುತ್ತಿತ್ತು, ಮನೆಯಲ್ಲಿ ಜಗಳವಿರಲಿಲ್ಲ. ಈಗ ತಾವು ಬೈಯುವುದನ್ನು ಬಿಟ್ಟು, ಆಲ್ಬಂ ಪೂರ್ತಿ ಒಂದೇ ಕಥೆ ಹೇಳುವ ಕಾನ್ಸೆಪ್ಟ್ ಹಿಡಿದಿದ್ದೀರಿ. ಶಿರಾ ಗೇಟಿನ ಟೀ ಅಂಗಡಿಯಲ್ಲಿ ತಮ್ಮ ಹಳೆಯ ಅಭಿಮಾನಿಯೊಬ್ಬ "ಅಣ್ಣ ವೇದಾಂತಿ ಆಗ್ಬುಟ್ಟವ್ನೆ, ಇನ್ನು ನಮ್ ಕತೆ ಮುಗೀತು ಕಣ್ರೋ" ಎಂದು ಲೋಟ ಕೆಳಗಿಟ್ಟದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ತಮ್ಮ ಹೊಸ ಆಲ್ಬಂ 'ಅಟ್ಟ' ಬಿಡುಗಡೆಯಾಗಿ ಐದು ವಾರವಾಯಿತು. ಇದರಲ್ಲಿ ರ‍್ಯಾಪ್ ಮಾಡುವುದು ಮನುಷ್ಯನಲ್ಲ, ಒಂದು ತೆಂಗಿನಕಾಯಿ. ಕೊಬ್ಬರಿಯಾಗಲೆಂದು ಅದನ್ನು ಅಟ್ಟಕ್ಕೇರಿಸಿದ ಮುದಿ ಯಜಮಾನ ಆಗಾಗ ಏಣಿ ಹತ್ತಿ ಬಂದು, ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಇನ್ನೂ ಆಗಿಲ್ಲವೆಂದು ಇಳಿದು ಹೋಗುತ್ತಾನೆ. ಕತ್ತಲಲ್ಲಿ ಕುಳಿತ ಕಾಯಿಗೆ ಎಷ್ಟು ತಿಂಗಳಾಯಿತೆಂದು ತಿಳಿಯದು. ಏಳನೇ ಹಾಡಿನಲ್ಲಿ ಯಜಮಾನ ಕೆಮ್ಮುತ್ತಾನೆ. ಎಂಟರಲ್ಲಿ ಕೆಮ್ಮೂ ಕೇಳಿಸುವುದಿಲ್ಲ. ಒಂಬತ್ತನೆಯದೇ ಕೊನೆಯದು, ಅದರಲ್ಲಿ ಯಾರೋ ಏಣಿ ಹತ್ತಿ ಬಂದು, ಕಾಯಿಯನ್ನು ಒಮ್ಮೆ ಅಲ್ಲಾಡಿಸಿ, ಇಳಿಸಿಕೊಂಡು ಹೋಗುತ್ತಾರೆ. ಯಾರು ಎಂದು ತಾವು ಹೇಳುವುದಿಲ್ಲ. ಹೇಳಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು ಸ್ವಾಮೀ?

ಅಲ್ಲಿಂದ ತುಮಕೂರು ಜಿಲ್ಲೆ ಎರಡು ಹೋಳಾಯಿತು. ಬಂದವನು ಯಜಮಾನನೇ ಎನ್ನುವವರು ಒಂದು ಕಡೆ, ಯಜಮಾನ ಸತ್ತಿದ್ದಾನೆ, ಬಂದವರು ಬೇರೆ ಯಾರೋ ಎನ್ನುವವರು ಇನ್ನೊಂದು ಕಡೆ. ನನ್ನ ಒಬ್ಬಳೇ ಮಗಳು ಪಲ್ಲವಿ ಸತ್ತ ಪಕ್ಷ. ಅವಳಿಗೆ ಗೊತ್ತು ಮಾಡಿರುವ ಕುಣಿಗಲ್ಲಿನ ಹುಡುಗ ಗುರುಪ್ರಕಾಶ್ ಬದುಕಿದ ಪಕ್ಷ. ಇವರಿಬ್ಬರೂ ಮೊದಲು ಕಂಡದ್ದು ತಮ್ಮ ಕಾರ್ಯಕ್ರಮದಲ್ಲೇ ಎನ್ನುವುದನ್ನು ತಾವು ಹೆಮ್ಮೆಯಿಂದ ತಿಳಿದುಕೊಳ್ಳಬಹುದು. ಎರಡೂ ಮನೆಯವರು ಒಪ್ಪಿ, ಮಠದಲ್ಲಿ ದಿನ ಕೇಳಿ, ನಿಶ್ಚಿತಾರ್ಥಕ್ಕೆ ಆರು ವಾರವಿದೆ ಎನ್ನುವಾಗ ತಾವು 'ಅಟ್ಟ' ಇಳಿಸಿದಿರಿ. ನಾಲ್ಕೇ ದಿನಕ್ಕೆ ಇಬ್ಬರ ಮಾತು ನಿಂತಿತು. "ಅಷ್ಟು ಹೊತ್ತು ಆ ಮನುಷ್ಯನ ಕೆಮ್ಮು ಕೇಳಿಸಿಲ್ಲ, ಅದು ಗೊತ್ತಾಗದವ್ರ ಜೊತೆ ನಾನು ಹೆಂಗಪ್ಪಾ ಬಾಳಲಿ?" ಎಂದು ಮಗಳು ನನ್ನನ್ನೇ ಕೇಳಿದಳು. ನಿಶ್ಚಿತಾರ್ಥ ನಿಲ್ಲಿಸಿಬಿಡಿ ಎಂದೂ ಹೇಳಿದಳು. ಜಾತಕ, ಗೋತ್ರ, ಕೆಲಸ, ಮನೆತನ ಎಲ್ಲ ನೋಡಿದ್ದ ನಾನು ಕೆಮ್ಮಿನ ವಿಚಾರ ನೋಡಿರಲಿಲ್ಲ.

ಅದಕ್ಕಿಂತ ನನಗಾದ ಬಾಧೆಯನ್ನು ಕೇಳಿ. ಅವಳು ಫೋನಿನಲ್ಲಿ ಗೆಳತಿಯರ ಜೊತೆ ದಿನವೆಲ್ಲ ಇದೇ ವಾದ. ಅರವತ್ತೆಂಟರ ನಾನು ಅಲ್ಲೇ ಸೋಫಾದ ಮೇಲೆ ಪೇಪರ್ ಹಿಡಿದು ಕುಳಿತಿರುತ್ತೇನೆ, ಅವಳು ನನ್ನ ಎದುರಿಗೇ "ಯಜಮಾನ ಹೋಗ್ಬಿಟ್ಟಿದಾನೆ ಕಣೇ, ಎಂಟನೇ ಹಾಡಲ್ಲೇ ಹೋದ" ಎಂದು ಕಣ್ಣೊರೆಸಿಕೊಳ್ಳುತ್ತಾಳೆ. ಮನೆಯಾಕೆ ಉಮಾಮಹೇಶ್ವರಿ ವಿಭೂತಿ ಗಟ್ಟಿ ಹಿಡಿದುಕೊಂಡೇ ಓಡಿ ಬಂದು, "ದೀಪ ಹಚ್ಚೋ ಹೊತ್ತಲ್ಲಿ ಯಜಮಾನ ಸತ್ತ ಸತ್ತ ಅಂತೀಯಲ್ಲೇ, ನಾಲಿಗೆಗೆ ಮೂಳೆ ಇಲ್ವಾ ನಿಂಗೆ?" ಎಂದು ಗದರುತ್ತಾಳೆ. ನಾನು ಬದುಕಿದ್ದೇನೆಂದು ತೋರಿಸಲು ಆಗಾಗ ಪೇಪರ್ ಮಡಚಿ ಸದ್ದು ಮಾಡುತ್ತೇನೆ. ಕೆಮ್ಮುವುದನ್ನಂತೂ ಪೂರ್ತಿ ಬಿಟ್ಟಿದ್ದೇನೆ.

ಕಡೆಗೆ ಕುಣಿಗಲ್ಲಿನವರನ್ನು ಕರೆಸಿ ಕೂರಿಸಿ ಇತ್ಯರ್ಥ ಮಾಡೋಣವೆಂದು ತೀರ್ಮಾನವಾಯಿತು. ಹುಡುಗ, ಅವನ ತಾಯಿ ಭದ್ರಮ್ಮ, ಸೋದರಮಾವ ಚನ್ನಬಸವಯ್ಯ ಮೂವರೂ ಬಂದರು. ಉಪ್ಪಿಟ್ಟು ಕೇಸರಿಬಾತ್ ಆದ ಮೇಲೆ ಗುರುಪ್ರಕಾಶ್ ಬ್ಯಾಗಿನಿಂದ ಸ್ಪೀಕರ್ ತೆಗೆದು ಟೀಪಾಯಿಯ ಮೇಲಿಟ್ಟು ಒಂಬತ್ತನೇ ಹಾಡು ಹಾಕಿದ. ಮನೆದೇವರ ಪಟದ ಕೆಳಗೆ ನಾವು ಹಿರಿಯರು ನಾಲ್ವರೂ ಕೈಮುಗಿಯುವುದೊಂದೇ ಬಾಕಿ, ಅಷ್ಟು ಭಕ್ತಿಯಿಂದ ತಮ್ಮನ್ನು ಕೇಳಿದೆವು. ಚನ್ನಬಸವಯ್ಯನವರು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿ, "ಚೆನ್ನಾಗೈತೆ, ಹಾಡು ಯಾವಾಗ ಶುರುವಾಗ್ತದೆ?" ಎಂದರು.

ಆಗ ಬಂತು ನೋಡಿ, ಕಾಯಿ ಅಲ್ಲಾಡಿಸುವ ಕೊನೆಯ ಆ ಸದ್ದು. ಮಾನ್ಯರೇ, ನಾನೂ ತಮ್ಮ ಗುಬ್ಬಿ ತಾಲ್ಲೂಕಿನವನೇ, ಕಡಬದ ಕೊಬ್ಬರಿ ಮಾಡುವ ಮನೆಯಲ್ಲಿ ಹುಟ್ಟಿದವನು. ಅಕ್ಷರ ಕಲಿಯುವ ಮೊದಲು ಕಾಯಿ ಅಲ್ಲಾಡಿಸಿ ಕೇಳುವುದನ್ನು ಕಲಿತವನು. ನೀರೆಲ್ಲ ಹಿಂಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಿಟುಕಾಗಿದ್ದರೆ ಲೊಟಲೊಟ ಎನ್ನಬೇಕು. ಅದಕ್ಕೆ ಹನ್ನೊಂದು ತಿಂಗಳು ಬೇಕು. ತಮ್ಮ ಕಾಯಿ ಲೊಟಲೊಟ ಎನ್ನಲಿಲ್ಲ, ಕುಳುಕುಳು ಎಂದಿತು. ನನಗೆ ತಡೆಯಲಾಗಲಿಲ್ಲ. "ಇದ್ರಲ್ಲಿ ಇನ್ನೂ ನೀರೈತೆ, ಏಳು ತಿಂಗಳಿಗೇ ಇಳಿಸವ್ರೆ!" ಎಂದು ಕೂಗಿಬಿಟ್ಟೆ. ಭದ್ರಮ್ಮನವರು ಮತ್ತೊಮ್ಮೆ ಹಾಕಿಸಿ, ಸ್ಪೀಕರಿಗೆ ಕಿವಿಯಿಟ್ಟು, "ಹೂಂ ಕಣಣ್ಣಾ, ಹಸಿ ಇದೆ" ಎಂದರು. ಚನ್ನಬಸವಯ್ಯನವರು ಎಂಟು ತಿಂಗಳಾಗಿದೆ, ಅಟ್ಟಕ್ಕೆ ಹೊಗೆ ಸಾಲದೆ ಹೀಗಾಗಿದೆ ಎಂದರು. ನಾನು ಏಳು ಎಂದೆ. ಹದಿನಾಲ್ಕು ಸಲ ಕೇಳಿದೆವು. ಇಡೀ ಜಿಲ್ಲೆಯ ಹುಡುಗರು ಐದು ವಾರ ಕಿತ್ತಾಡಿದ್ದು ಒಂದು ಬಲಿಯದ ಕಾಯಿಗಾಗಿ ಎಂದು ತಿಳಿದು ನನಗಾದ ಆನಂದವನ್ನು ಏನು ಹೇಳಲಿ! ಇಪ್ಪತ್ತು ವರ್ಷದ ಅನುಭವಿಗಳು, ಗುಬ್ಬಿ ನೀರು ಕುಡಿದವರು, ಅಂಗಡಿಯಿಂದ ಸಿಕ್ಕ ಕಾಯಿ ತಂದು ಮೈಕಿನ ಮುಂದೆ ಅಲ್ಲಾಡಿಸಿದ್ದೀರಿ ಎಂದು ಅಲ್ಲೇ ತೀರ್ಪು ಕೊಟ್ಟೆ. ಈ ಪತ್ರವನ್ನೂ ಅದನ್ನು ಎತ್ತಿ ಆಡಲೆಂದೇ ಶುರು ಮಾಡಿದ್ದು.

ಆದರೆ ಪಲ್ಲವಿ ಎದ್ದು ನಿಂತು, "ಅಪ್ಪಾ, ಏಳು ತಿಂಗಳೇ ಅಂತ ಗ್ಯಾರಂಟಿನಾ?" ಎಂದಳು. ಹೌದೆಂದೆ. "ಹಂಗಾದ್ರೆ ಯಜಮಾನ ಸತ್ತಿದಾನೆ. ಬದುಕಿದ್ರೆ ಅವನು ಬಲೀದೇ ಇರೋ ಕಾಯಿ ಇಳಿಸ್ತಿದ್ನಾ? ಗೊತ್ತಿಲ್ದೋರು ಯಾರೋ ಇಳಿಸಿದಾರೆ." ಮಗಳು ಗೆದ್ದಳೆಂದುಕೊಂಡೆ. ಅಷ್ಟರಲ್ಲಿ ಐದು ವಾರದಲ್ಲಿ ಮೊದಲ ಬಾರಿಗೆ ಗುರುಪ್ರಕಾಶ್ ಅವಳ ಮುಖ ನೋಡಿ ಮೆಲ್ಲಗೆ ಹೇಳಿದ: "ಇಲ್ಲ ಪಲ್ಲವಿ. ಅವನೇ ಇಳಿಸಿದ್ದು. ಹನ್ನೊಂದ್ ತಿಂಗಳವರೆಗೂ ಇರಲ್ಲ ಅಂತ ಅವನಿಗೆ ಗೊತ್ತಾಗಿದೆ."

ಮಾನ್ಯರೇ, ಆಗ ನೆನಪಾದದ್ದು ನನ್ನ ತಂದೆ. ಅವರು ಕೊನೆಯ ವರ್ಷ ಕಡಬದಲ್ಲಿ ಹಾಸಿಗೆ ಹಿಡಿದಿದ್ದಾಗ, "ಒಂದು ಕಾಯಿ ಇಳ್ಸಲಾ, ಕೇಳ್ಬುಡ್ತೀನಿ" ಎಂದರು. ಇನ್ನೂ ನಾಲ್ಕು ತಿಂಗಳಿದೆ, ಸುಮ್ಮನೆ ಮಲಗಿ, ಒಂದು ಕಾಯಿ ಹಾಳಾಗುತ್ತದೆ ಎಂದು ನಾನು ರೇಗಿದೆ. ಆಮೇಲೆ ಅವರೇ ಹೇಗೋ ಅಮ್ಮನಿಂದ ಒಂದನ್ನು ಇಳಿಸಿಕೊಂಡಿದ್ದರು. ತೀರಿಕೊಂಡ ದಿನ ಅದು ದಿಂಬಿನ ಪಕ್ಕ ಇತ್ತು. ಎತ್ತಿಡುವಾಗ ಕುಳುಕುಳು ಎಂದಿತ್ತು. ಮೂವತ್ತೊಂದು ವರ್ಷದಿಂದ ನಾನು ಇದನ್ನು ಯಾರ ಬಳಿಯೂ ಹೇಳಿರಲಿಲ್ಲ. ಅವತ್ತು ಹೇಳಿದೆ, ಹೇಳುತ್ತಾ ಅತ್ತುಬಿಟ್ಟೆ. ಪಲ್ಲವಿ ಒಂದು ಕಡೆ, ಗುರುಪ್ರಕಾಶ್ ಒಂದು ಕಡೆ ಕುಳಿತು ನನ್ನ ಕೈ ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ನೋಡಿದರೆ ನನ್ನ ಕೈ ಬಿಟ್ಟು ಅವರಿಬ್ಬರೇ ಮಾತಾಡುತ್ತಿದ್ದರು.

ಹೀಗಾಗಿ ನಿಶ್ಚಿತಾರ್ಥ ಉಳಿಯಿತು, ಬರುವ ಭಾನುವಾರ ನಡೆಯಲಿದೆ. ಆದರೂ ದೂರು ದೂರೇ. ನನ್ನ ಬೇಡಿಕೆಗಳನ್ನು ಗಮನಿಸುವುದು. ನಾವು ನಿವೃತ್ತರು ಪ್ರತಿ ನವೆಂಬರಿನಲ್ಲಿ ಬದುಕಿದ್ದೇವೆಂದು ಸರ್ಕಾರಕ್ಕೆ ಜೀವಿತ ಪ್ರಮಾಣಪತ್ರ ಕೊಡುತ್ತೇವೆ. ಇನ್ನು ಮುಂದೆ ತಮ್ಮ ಆಲ್ಬಂನಲ್ಲಿ ಬರುವ ಮುದುಕರಿಗೂ ಅಂಥದೊಂದನ್ನು ಗೆಜೆಟೆಡ್ ಅಧಿಕಾರಿಗಳಿಂದ ಸಹಿ ಮಾಡಿಸಿ ಲಗತ್ತಿಸಬೇಕು. ಸಂಬಂಧ ಕುದುರಿದ ಮನೆಗಳಿರುವ ತಾಲ್ಲೂಕುಗಳಲ್ಲಿ ಮದುವೆ ಮುಗಿಯುವ ತನಕ ಕಾನ್ಸೆಪ್ಟ್ ಬಿಡುಗಡೆ ಮಾಡಬಾರದು, ತುರ್ತಿದ್ದರೆ ಬೈಗುಳ ಬಿಡಬಹುದು. ಎಂಟು ತಿಂಗಳೆಂದು ಇಂದಿಗೂ ಫೋನ್ ಮಾಡುತ್ತಿರುವ ಚನ್ನಬಸವಯ್ಯನವರಿಗೆ ಏಳು ಎಂದು ತಾವು ಖುದ್ದಾಗಿ ಕುಣಿಗಲ್ಲಿಗೆ ಹೋಗಿ ಬೀಟ್ ಇಲ್ಲದೆ ಹೇಳಿ ಬರಬೇಕು. ಆ ಕಾಯಿ ತಿಳಿಯದೆ ತಂದದ್ದೋ, ತಿಳಿದೇ ಇಳಿಸಿದ್ದೋ ಎಂಬುದನ್ನು ಮಾತ್ರ ನನಗೆ ಬರೆಯಬೇಡಿ. ನನಗೆ ಗೊತ್ತಾಗುವುದು ಬೇಡ.

ಇಷ್ಟು ದಿನ ಕೆಮ್ಮು ತಡೆದುಕೊಂಡಿರುವ,
ತಮ್ಮ ವಿಶ್ವಾಸಿ,
ವೀರಭದ್ರಯ್ಯ
ಶೆಟ್ಟಿಹಳ್ಳಿ, ತುಮಕೂರು

ಮರೆತ ಮಾತು: ಮಗಳ ಮದುವೆಯಾದ ಮೇಲಿನ ಮೊದಲ ಹಬ್ಬಕ್ಕೆ ಆಗಲೆಂದು ಕಡಬದಿಂದ ಹನ್ನೆರಡು ಕಾಯಿ ತರಿಸಿ, ಉಮಾಮಹೇಶ್ವರಿಯ ಸ್ಟೀಲ್ ಪಾತ್ರೆಗಳನ್ನೆಲ್ಲ ಕೆಳಗಿಳಿಸಿ, ನಮ್ಮ ಅಡುಗೆಮನೆಯ ಅಟ್ಟಕ್ಕೆ ಹಾಕಿದ್ದೇನೆ. ಪೂರ್ತಿ ಹನ್ನೊಂದು ತಿಂಗಳಾದ ಮೇಲೆ ನಾನೇ ಏಣಿ ಹತ್ತಿ ಇಳಿಸಿ, ಲೊಟಲೊಟ ಎನ್ನುವ ಒಂದನ್ನು ತಮಗೆ ಕಳಿಸುತ್ತೇನೆ. ಒಂದು ವೇಳೆ ಏಳನೇ ತಿಂಗಳಿಗೇ ಅಲ್ಲಿಂದ ಒಂದು ಕಾಯಿ ಬಂದರೆ, ದಯವಿಟ್ಟು ಅದನ್ನು ಹಾಡು ಮಾಡಬೇಡಿ. ಮಗಳಿಗೆ ಒಂದು ಫೋನ್ ಮಾಡಿ, ಬೇಗ ಹೋಗಿ ಅಪ್ಪನನ್ನು ನೋಡಮ್ಮಾ ಎಂದು ಹೇಳಿ.