ಸಾಹೇಬರ ನೀಲಿ ಗಿಡ

ಹತ್ತು ಪಂಪುಗಳು ಒಟ್ಟಿಗೆ ಗುಡುಗುತ್ತಿದ್ದರೂ ಅವುಗಳಲ್ಲಿ ಯಾವುದಕ್ಕೆ ಮೈ ಸರಿಯಿಲ್ಲ ಎಂದು ನಾನು ಬಾಗಿಲಲ್ಲೇ ನಿಂತು ಹೇಳಬಲ್ಲೆ. ಕುವೈತಿನಲ್ಲಿ ನನಗೆ ಸಂಬಳ ಕೊಡುವುದೇ ಅದಕ್ಕೆ. ಆದರೆ ಸದ್ದು ಮಾಡದ ಜೀವಗಳ ವಿಷಯದಲ್ಲಿ ನಾನು ಶುದ್ಧ ದಡ್ಡ. ತೊಟ್ಟಿಯ ಮೀನು ನಿದ್ದೆ ಮಾಡುತ್ತಿದೆಯೋ ಸತ್ತಿದೆಯೋ ಎಂಬುದೂ ನನಗೆ ತಿಳಿಯುವುದಿಲ್ಲ. ಇಂಥವನ ಕೈಗೆ ನಮ್ಮ ಇಂಗ್ಲಿಷ್ ಸಾಹೇಬರು, ಎರಡು ತಿಂಗಳ ರಜೆಗೆ ಊರಿಗೆ ಹೊರಡುವಾಗ, ಒಂದು ಗಿಡ ಒಪ್ಪಿಸಿಹೋದರು.

ಅದು ಬ್ಲೂ ಸ್ಪ್ರೂಸ್. ಹಿಮ ಬೀಳುವ ಸೀಮೆಯ ಮರವಂತೆ. ಸಣ್ಣ ಮನೆಗಳ ಅಂಗಳಕ್ಕೆಂದೇ ಇರುವ ಕುಳ್ಳ ಜಾತಿಯಂತೆ. ಸಾಹೇಬರ ಹೆಂಡತಿ, ನಮ್ಮ ಮೇಡಂ, ಅದನ್ನು ತವರಿನಿಂದ ತಂದು ಎಸಿ ಕೋಣೆಯಲ್ಲಿ ಮಗುವಿನಂತೆ ಸಾಕಿದ್ದರು. ವಾರಕ್ಕೆ ಒಂದೇ ಲೋಟ ನೀರು, ಹೆಚ್ಚು ಕೂಡದು ಎಂದು ಮೂರು ಸಲ ಹೇಳಿದರು. ಸಾಹೇಬರು ಹೇಳಿದ್ದು ಬೇರೆ: ಅಬು ಹಲೀಫಾದಲ್ಲಿ ಅಂಗಳವಿರುವ ಕಂಪನಿ ಮನೆಯೊಂದು ಖಾಲಿಯಾಗುತ್ತಿದೆ, ಬಂದ ಮೇಲೆ ನಿನ್ನ ಅರ್ಜಿ ನೋಡೋಣ. ಗಿಡಕ್ಕೂ ಅರ್ಜಿಗೂ ಸಂಬಂಧವಿದೆಯೆಂದು ಅವರು ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ನನ್ನ ಹೆಂಡತಿ ವಿಮಲಾ ಮೈದಾನ್ ಹವಲ್ಲಿಯಲ್ಲಿದ್ದ ನಮ್ಮ ಮೂರನೇ ಮಹಡಿಯ ಮನೆಯ ಬಾಲ್ಕನಿಯಲ್ಲಿ, ಹಾಲಿನ ಪುಡಿ ಡಬ್ಬದಲ್ಲಿ, ಆರು ವರ್ಷದಿಂದ ತುಳಸಿ ಬೆಳೆಸುತ್ತಿದ್ದಳು. ಅದನ್ನು ಒಂದು ದಿನ ನೆಲಕ್ಕೆ ಇಳಿಸಬೇಕೆಂಬುದೇ ಅವಳ ಆಸೆ.

ಕಷ್ಟ ಶುರುವಾದದ್ದು ಬಣ್ಣದಿಂದ. ಹಸಿರಿದ್ದರೆ ಕ್ಷೇಮ, ಹಳದಿಯಾದರೆ ಕಾಯಿಲೆ ಎಂಬಷ್ಟು ನನಗೂ ಗೊತ್ತು. ಬರುವಾಗಲೇ ನೀಲಿಯಾಗಿರುವ ಗಿಡ ಹುಷಾರಾಗಿದೆಯೋ ವಿಷ ಏರಿ ಕೂತಿದೆಯೋ ತಿಳಿಯುವುದು ಹೇಗೆ? ಮುಟ್ಟಿದರೆ ಚುಚ್ಚುತ್ತಿತ್ತು. ಅದು ಆರೋಗ್ಯವೋ ಸಿಟ್ಟೋ? ಎದುರು ಮನೆಯ ಶೆಟ್ಟರು ಬಗ್ಗಿ ನೋಡಿ, "ಇದು ಪ್ಲಾಸ್ಟಿಕ್ ಅಲ್ವಾ ಮಾರಾಯ್ರೆ?" ಎಂದು ಹೋದ ಮೇಲಂತೂ ನನಗೂ ಅನುಮಾನ ಹತ್ತಿತು. ಏನಾದರಾಗಲಿ ಎಂದು ಮಲಗುವ ಕೋಣೆಯಲ್ಲಿಟ್ಟು, ಎಸಿಯನ್ನು ಹಗಲೂ ರಾತ್ರಿ ಓಡಿಸಿದೆ. ಜುಲೈ ತಿಂಗಳ ಕುವೈತಿನಲ್ಲಿ ಸ್ವೆಟರ್ ಹಾಕಿಕೊಂಡು ಮಲಗಿದ ಸಂಸಾರ ನಮ್ಮದೊಂದೇ ಇರಬೇಕು. ಆಗಸ್ಟ್ ಕೊನೆಗೆ ನೀಲಿ ಬೂದಿಯಾಯಿತು, ಬೂದಿ ಕಂದಾಯಿತು, ಸೂಜಿಯಂಥ ಎಲೆಗಳು ಉದುರತೊಡಗಿದವು. ಅದರ ಊರಿನಲ್ಲಿ ಎಲೆ ಉದುರುವ ಕಾಲವಿರಬೇಕು ಎಂದು ಸಮಾಧಾನ ಮಾಡಿಕೊಂಡೆ.

ಸಾಹೇಬರೂ ಮೇಡಮ್ಮೂ ಬಂದರು. ಮೇಡಂ ಕೊಂಬೆ ಮುಟ್ಟಿದರೆ ಅರ್ಧ ಗಿಡ ನೆಲದ ಮೇಲಿತ್ತು. ಮಣ್ಣಿಗೆ ಬೆರಳು ಹಾಕಿದರು, ಕೆಸರು. ವಾರಕ್ಕೊಂದೇ ಲೋಟ ತಾನೆ ಎಂದು ಕೇಳಿದರು. ನಾನು ತಲೆ ತಗ್ಗಿಸಿ, ದಿನಾ ಆಫೀಸಿಗೆ ಹೊರಡುವ ಮುಂಚೆ ಒಂದು ಲೋಟ, ಸುಮ್ಮನೆ ಮುನ್ನೆಚ್ಚರಿಕೆಗೆ, ಎಂದು ಒಪ್ಪಿಕೊಂಡೆ.

"ಅಯ್ಯೋ, ತುಳಸಿಗೆ ಹಾಕಿ ಇದಕ್ಕೆ ಹೇಗೆ ಬಿಡೋದು ಅಂತ ನಾನೂ ದಿನಾ ಒಂದು ತಂಬಿಗೆ ಹಾಕ್ತಿದ್ದೆ ಕಣ್ರೀ" ಎಂದಳು ವಿಮಲಾ.

"ಮೀ ಟೂ, ಅಪ್ಪ" ಎಂದಳು ಮಗಳು.

ಮೇಡಂ ಕಣ್ಣಲ್ಲಿ ನೀರು ತುಂಬಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಅಂಗಳ ಹೋಯಿತೆಂದು ವಿಮಲಾಳ ಮುಖ ನೋಡಲೂ ಧೈರ್ಯವಾಗಲಿಲ್ಲ. ಮೇಡಂ ಕಣ್ಣೊರೆಸಿಕೊಳ್ಳಲು ಬಾಲ್ಕನಿಗೆ ಹೋದವರು ಅಲ್ಲೇ ನಿಂತುಬಿಟ್ಟರು. ತುಳಸಿ ಡಬ್ಬವೇ ಕಾಣದಷ್ಟು ಪೊದೆಯಾಗಿ ಬೆಳೆದಿತ್ತು. ಈ ಬಿಸಿಲಲ್ಲಿ ಇದನ್ನು ಇಷ್ಟು ಚೆನ್ನಾಗಿ ಸಾಕಿದವರು ಯಾರು ಎಂದು ಕೇಳಿದರು. ವಿಮಲಾ ಡಬ್ಬದ ಮೇಲುಗಡೆ ಬೆರಳು ತೋರಿಸಿದಳು. ಎರಡು ತಿಂಗಳು ಬಿಡುವಿಲ್ಲದೆ ಓಡಿದ ಎಸಿಯ ಹಿಂಬದಿಯಿಂದ ತುಳಸಿಯ ಬುಡಕ್ಕೆ ತೊಟತೊಟ ನೀರು ಬೀಳುತ್ತಿತ್ತು. ಮೇಡಂ ಅಳುತ್ತಲೇ ನಕ್ಕುಬಿಟ್ಟರು.

ಮುಂದಿನ ತಿಂಗಳು ಮನೆ ನಮಗೇ ಸಿಕ್ಕಿತು. ಅರ್ಜಿ ನೋಡಿ ಕೊಟ್ಟರೋ, ತುಳಸಿ ನೋಡಿಯೋ, ನನ್ನ ಮುಖ ನೋಡಿಯೋ ಇವತ್ತಿಗೂ ಅರ್ಥವಾಗಿಲ್ಲ. ಅಂಗಳದಲ್ಲಿ ವಿಮಲಾ ತುಳಸಿಯನ್ನು ನೆಲಕ್ಕಿಳಿಸಿದಳು, ಕಿಟಕಿಯ ಎಸಿಗೆ ಸರಿಯಾಗಿ ಕೆಳಗೆ. ನನಗೆ ಲೋಟ ಹಿಡಿದು ಅಂಗಳಕ್ಕೆ ಇಳಿಯುವ ಅಪ್ಪಣೆಯಿಲ್ಲ. ಗಿಡದ ಸಲುವಾಗಿ ನನಗೆ ಒಪ್ಪಿಸಿರುವ ಕೆಲಸ ಒಂದೇ: ಒಳಗೆ ಎಸಿ ಹಾಕಿಕೊಂಡು ಸುಮ್ಮನೆ ಮಲಗಿರುವುದು.