ಗಣಪತಿ ಮುಂದೆ ಐಸ್ ಡಬ್ಬಾ

ಹವ್ಯಾಸ ಅಂತ ಒಂದಿದ್ದರೆ ಸಾಕು, ಮರ್ಯಾದೆ ಕಳೆದುಕೊಳ್ಳಲು ಬೇರೆ ದಾರಿ ಹುಡುಕಬೇಕಿಲ್ಲ. ನನಗಂತೂ ಹೀಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಮನೆ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಕೆಲಸ ಘಣಸೋಲಿಯ ಕೋಲ್ಡ್ ಸ್ಟೋರೇಜಿನಲ್ಲಿ. ದಿನಾ ಠಾಣೆಯಲ್ಲಿ ಲೋಕಲ್ ಬದಲಿಸಿ, ಹಿಂಡಿ ಹಿಪ್ಪೆಯಾಗಿ ಮನೆಗೆ ಬಂದು, ಕೈಕಾಲು ತೊಳೆದು ಮತ್ತೆ ರೈಲು ಓಡಿಸುತ್ತ ಕೂರುತ್ತೇನೆ. ಆಟಿಕೆ ಅನ್ನಬೇಡಿ, ಸಿಟ್ಟು ಬರುತ್ತದೆ. ಇದು ಮಾಡೆಲ್ ಟ್ರೇನ್. ಅದರಲ್ಲೂ ಅಮೆರಿಕದ ಹಳೇ ಐಸ್ ಡಬ್ಬಾಗಳೆಂದರೆ, ಅಂದರೆ ಐಸ್ ತುಂಬಿ ಸರಕು ತಣ್ಣಗಿಡುತ್ತಿದ್ದ ಬೋಗಿಗಳೆಂದರೆ, ನನಗೆ ಪ್ರಾಣ. ಒಂದೊಂದೂ ಅಂಗೈಯುದ್ದ. ಒಳಗಿನ ಖೋಲಿಯ ಮೇಜಿನ ತುಂಬ ಅವೇ.

೧. ಅರ್ಧಕ್ಕೆ ನಿಂತ ಚಟ್ನಿ

ಒಂದು ರವಿವಾರ ಪಕ್ಕದ ಕಲ್ಯಾಣದಿಂದ ಹೆಂಡತಿಯ ತಮ್ಮ ಬಂದಿದ್ದ. ಡಬ್ಬಾ ತಿರುಗಿಸಿ ಮುರುಗಿಸಿ ನೋಡಿ, "ಭಾವಾರ, ಇದು ಫ್ರಿಜ್ ಅಂತೀರಿ, ಮತ್ತ ಮಷೀನ್ ಎಲ್ಲದ?" ಎಂದ.

ಇಂಥ ಪ್ರಶ್ನೆ ಕೇಳುವವರು ನನಗೆ ಅಪರೂಪ. ಕೂರಿಸಿಕೊಂಡು ಹೇಳಿದೆ: ಆಗ ಮಷೀನ್ ಎಲ್ಲಿಂದ ಬರಬೇಕು? ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳಿಂದ ಐಸ್ ಕೊಯ್ದು, ಮರದ ಹೊಟ್ಟು ಮುಚ್ಚಿ ಕಾಪಾಡುತ್ತಿದ್ದರು. ದಾರಿಯ ಸ್ಟೇಷನ್ನುಗಳಲ್ಲಿ ಜನ ಡಬ್ಬಾದ ಮೇಲೆ ಹತ್ತಿ, ಚಾವಣಿಯ ಮುಚ್ಚಳ ತೆಗೆದು ಐಸ್ ತುಂಬುತ್ತಿದ್ದರು. ಹಣ್ಣು, ಮಾಂಸ ಎಲ್ಲ ಹಾಗೆ ದೇಶ ದಾಟುತ್ತಿದ್ದವು.

ಅಷ್ಟಕ್ಕೇ ಬಿಡಬೇಕಿತ್ತು. ಬಿಟ್ಟರೆ ನಾನೆಂಥವನು? ಫ್ರಿಜ್ಜಿನಿಂದ ಐಸ್ ತಂದು ಪುಡಿ ಮಾಡಿ ಆ ಪುಟ್ಟ ಮುಚ್ಚಳಗಳೊಳಗೆ ತುಂಬಿದೆ. ಗಾಡಿ ಹೊರಟಿತು. ಐಸ್ ಕರಗಿತು. ನೀರು ಮೇಜಿನ ಅಂಚಿನಿಂದಿಳಿದು ಕೆಳಗಿದ್ದ ಎಕ್ಸ್‌ಟೆನ್ಶನ್ ಬೋರ್ಡಿಗೆ ಸೇರಿತು. ಫಟ್! ಮನೆಯೆಲ್ಲ ಕರೆಂಟು ಹೋಗಿ ಅಡಿಗೆಮನೆಯ ಮಿಕ್ಸರ್ ನಿಂತಿತು.

ಹೆಂಡತಿ ಚಟ್ನಿ ಕೈಯಲ್ಲೇ ಬಂದಳು. "ಏನ್ರೀ, ಸಾಕಾತು ನನಗ. ಗಣಪತಿ ಹಬ್ಬ ಒಂದು ಮುಗೀಲಿ, ಈ ಗಾಡಿ ಪಾಡಿ ಎಲ್ಲಾ ಅಟ್ಟಕ್ಕ. ಈ ಖೋಲಿ ನಮ್ಮ ಭಜನಾ ಮಂಡಳಿಗೆ ಬೇಕು."

"ಹಂಗಲ್ಲಾ, ಮೊದಲಿನ ಕಾಲದಾಗ ಐಸ್ ಹಿಂಗ ತುಂಬ್ತಿದ್ರು..." ಎಂದೆ.

"ಮೊದಲಿನ ಕಾಲದಾಗ ಒಳಕಲ್ಲಿನ್ಯಾಗ ಚಟ್ನಿ ಅರೀತಿದ್ರು. ಅಲ್ಲದ ನೋಡ್ರಿ, ಅರೀರಿ."

೨. ಕೊಕ್ಕೆಗೆ ನೇತಾಡುವವರು

ಮರುದಿನ ಸಂಜೆ ಲೋಕಲ್‌ನಲ್ಲಿ ನನ್ನ ಗೋಳು ಹೇಳಿಕೊಂಡೆ. ಕೇಳಿದವರು ನಮ್ಮ ಬಿಲ್ಡಿಂಗಿನ ಉಡುಪಿ ಕಡೆಯ ಹೋಟೆಲ್ ಯಜಮಾನರು. ನಮ್ಮ ಸೊಸೈಟಿಯ ಗಣಪತಿ ಮಂಡಳಿಗೂ ಅವರೇ ಯಜಮಾನರು.

"ಆ ಐಸ್ ಡಬ್ಬಾದಲ್ಲಿ ಅಂಥದ್ದೆಂತ ಉಂಟು ಮಾರಾಯ್ರೆ?" ಎಂದರು.

ಇಬ್ಬರೂ ಮೇಲಿನ ಹಿಡಿಕೆಗೆ ಜೋತುಬಿದ್ದಿದ್ದೆವು. ಹೇಳಿದೆ: ಮೊದಮೊದಲು ಮಾಂಸವನ್ನು ಚಾವಣಿಯ ಕೊಕ್ಕೆಗೆ ನೇತುಹಾಕುತ್ತಿದ್ದರು. ತಿರುವು ಬಂದರೆ ಅಷ್ಟೂ ಒಂದೇ ಕಡೆ ತೂಗಾಡಿ ಡಬ್ಬಾ ಹಳಿ ತಪ್ಪುತ್ತಿತ್ತು.

ಮಾತು ಮುಗಿಯುವುದರೊಳಗೆ ಕಳವಾ ಸ್ಟೇಷನ್ ದಾಟಿ ತಿರುವಿನಲ್ಲಿ ಗಾಡಿ ವಾಲಿತು. ಡಬ್ಬಾದ ಜನವೆಲ್ಲ ನಮ್ಮಿಬ್ಬರ ಮೇಲೆ. ಯಾರದೋ ಬ್ಯಾಗು ನನ್ನ ಮೂಗಿಗೆ, ಯಾರದೋ ಮೊಣಕೈ ಯಜಮಾನರ ಹೊಟ್ಟೆಗೆ. ಅವರು ಸಾವರಿಸಿಕೊಂಡು, "ಇದೂ ಅದೇ ಗಾಡಿ ಮಾರಾಯ್ರೆ, ಐಸ್ ಒಂದು ಹಾಕಲಿಲ್ಲ ಅಷ್ಟೆ!" ಎಂದರು.

೩. ಕಿರೀಟದ ಮೀನು

ಆದರೆ ಆ ಪುಣ್ಯಾತ್ಮರೇ ದಾರಿ ತೋರಿಸಿದರು. "ಈ ಸಲ ಗಣಪತಿ ಡೆಕೋರೇಶನ್ನಿಗೆ ನಿಮ್ಮ ರೈಲೇ ಇಡುವ. ಊರೆಲ್ಲ ಹೊಗಳಿದರೆ ನಿಮ್ಮ ಮನೆಯವರು ಅಟ್ಟಕ್ಕೆ ಹೇಗೆ ಹಾಕುತ್ತಾರೆ?"

ಗಣಪತಿಯ ಸುತ್ತ ಹಳಿ ಹಾಕಿದೆ. ಇದ್ದ ಡಬ್ಬಾಗಳನ್ನೆಲ್ಲ ಜೋಡಿಸಿದರೂ ಗಾಡಿ ಮೋಟಾಗಿ ಕಂಡಿತು. ಹೆಂಡತಿಯ ಕಣ್ಣಿಗೆ ಬೀಳದಂತೆ ಮುಚ್ಚಿಟ್ಟಿದ್ದ ಒಂದು ಡಬ್ಬಾ ಇತ್ತು. ಆ ಕಾಲದ ಕಂಪನಿಗಳು ಡಬ್ಬಾದ ಮೈತುಂಬ ಜಾಹೀರಾತು ಬಳಿಸುತ್ತಿದ್ದವು. ಇದು ಮೀನಿನ ಕಂಪನಿಯದು. ಅಕ್ಷರ ಸಾಸಿವೆಯಷ್ಟು, ಮೀನು ಮಾತ್ರ ಡಬ್ಬಾದಷ್ಟು, ಅದರ ತಲೆಗೊಂದು ಕಿರೀಟ ಬೇರೆ. ಈರುಳ್ಳಿಯೂ ಇಲ್ಲದ ಹಬ್ಬದಲ್ಲಿ ಮೀನಿನ ಡಬ್ಬಾ! ಓಡುವ ಗಾಡಿಯಲ್ಲಿ ಯಾರು ನೋಡುತ್ತಾರೆ ಎಂದುಕೊಂಡು ಕೊನೆಗೆ ಸಿಕ್ಕಿಸಿದೆ.

ಆರತಿ ಹೊತ್ತಿಗೆ ಗಾಡಿ ನಿಲ್ಲಿಸಿದೆ. ದೇವರ ಎದುರಿಗೆ ಸರಿಯಾಗಿ ಬಂದು ನಿಂತದ್ದು ಅದೇ ಡಬ್ಬಾ. ಎದುರು ಮನೆಯ ಮರಾಠಿ ಆಜಿ ಬಗ್ಗಿ ನೋಡಿ, "ಅಗೋ ಬಾಯಿ! ಮತ್ಸ್ಯಾವತಾರ!" ಎಂದು ಕೈಮುಗಿದು ಅರಿಶಿನ ಕುಂಕುಮ ಹಚ್ಚಿಯೇಬಿಟ್ಟರು. ಹಿಂದೆಯೇ ಹೆಂಗಸರ ಸಾಲು. ನನ್ನ ಹೆಂಡತಿ ಗರಿಕೆ ಇಟ್ಟು, "ಎಷ್ಟು ಛಲೋ ವಿಚಾರ ಮಾಡೀರಿ!" ಎಂದು ಎಲ್ಲರೆದುರು ಹೊಗಳಿದಳು. ಮದುವೆಯಾದ ಮೇಲೆ ಇದೇ ಮೊದಲು. ನಾನ್ಯಾಕೆ ಬಾಯಿಬಿಡಲಿ?

ವಿಸರ್ಜನೆಯ ದಿನ ಗಣಪತಿ ಟೆಂಪೋ ಏರಿದ. ನೋಡುತ್ತೇನೆ, ಆಜಿಯ ತಾಟಿನಲ್ಲಿ ಹೂವಿನ ನಡುವೆ ನನ್ನ ಡಬ್ಬಾ! ಪೂಜೆಯಾದದ್ದು ನೀರಿಗೆ ಹೋಗಬೇಕಂತೆ, ಮೀನಾದರೆ ಹೋಗಲೇಬೇಕಂತೆ. ಸುಮ್ಮನಿದ್ದರೆ ಡಬ್ಬಾ ನೀರುಪಾಲು. ನಿಜ ಹೇಳಿದರೆ ಇಡೀ ರೈಲು ಅಟ್ಟಕ್ಕೆ. ಆದರೂ ತಡೆಯಲಾಗಲಿಲ್ಲ.

"ಆಜಿ, ಬ್ಯಾಡ್ರಿ! ಅದು ದೇವರಲ್ಲ, ಮೀನು ಸಾಗಸೂ ಡಬ್ಬಾ!" ಗಾಬರಿಯಲ್ಲಿ ಕನ್ನಡದಲ್ಲಿ ಕೂಗಿದೆ, ಆಮೇಲೆ ಮರಾಠಿಯಲ್ಲೂ.

ಢೋಲು ನಿಂತಿತು. ಹೋಟೆಲ್ ಯಜಮಾನರು ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದರು. "ಹೌದಲ್ಲ ಮಾರಾಯ್ರೆ, ಕಿರೀಟ ತೆಗೆದರೆ ಬಂಗುಡೆಯೇ!"

ಹೆಂಡತಿಯ ಮುಖ ಕುಂಕುಮಕ್ಕಿಂತ ಕೆಂಪಗಾಯಿತು. ಆಜಿ ಮಾತ್ರ ಡಬ್ಬಾವನ್ನು ನನ್ನ ಕೈಗಿಟ್ಟು ಮರಾಠಿಯಲ್ಲಿ, "ಮೊದಲೇ ಹೇಳಬಾರದೇನೋ? ಶ್ರಾವಣದಿಂದ ಮೀನು ಮುಟ್ಟಿಲ್ಲ. ನಾಳೆ ಇದರಲ್ಲೇ ತುಂಬಿಸಿ ತಾ!" ಎಂದರು. ಇಡೀ ಸೊಸೈಟಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಮನೆಗೆ ಬಂದವನೇ ಅಟ್ಟಕ್ಕೆ ಏಣಿ ಹಚ್ಚಿದೆ.

"ಇಳೀರಿ ಕೆಳಗ," ಎಂದಳು ಹೆಂಡತಿ. "ಇಷ್ಟು ಮಂದಿ ಮುತ್ತೈದೇರು ಕುಂಕುಮ ಹಚ್ಚಿದ್ದನ್ನ ಅಟ್ಟದಾಗ ಹಳೇ ಚಪ್ಪಲಿ ಬಾಜೂಕ ಇಡಾಕಾಗ್ತದೇನು? ಇಡೀ ಗಾಡಿ ಇಲ್ಲೇ ಇರ್ಲಿ. ಆದ್ರ ಇನ್ನ ಮ್ಯಾಲೆ ಮೈಲಿಗಿ ಕೈಲೆ ಮುಟ್ಟಬ್ಯಾಡ್ರಿ, ಜಳಕಾ ಮಾಡೇ ಮುಟ್ರಿ."

ಹಾಗಾಗಿ ಖೋಲಿ ಉಳಿಯಿತು, ರೈಲೂ ಉಳಿಯಿತು. ಈಗ ಪ್ರತಿ ರವಿವಾರ ಬೆಳಿಗ್ಗೆ ತಣ್ಣೀರಿನಲ್ಲಿ ಮಿಂದು, ಮಡಿ ಉಟ್ಟು, ಮೀನಿನ ಗಾಡಿ ಓಡಿಸುತ್ತೇನೆ.